ಎಲ್ಲರೂ ಜೋಪಾನ ಮಾಡಿದ ರಟ್ಟಿನ ಚೂರುಗಳು

1960ರಲ್ಲಿ ಕಸ ಸಾಗಿಸುವ ದೋಣಿಯೊಂದು ನ್ಯೂಯಾರ್ಕಿನ ಕಡೆಯಿಂದ ಅಟ್ಲಾಂಟಿಕ್ ಸಾಗರಕ್ಕೆ ಹೊರಟಿತು. ಅದರಲ್ಲಿ ಹೇರಿದ್ದದ್ದು ಬೇಸ್‌ಬಾಲ್ ಆಟಗಾರರ ಚಿತ್ರವಿದ್ದ ರಟ್ಟಿನ ಕಾರ್ಡುಗಳು. ಟಾಪ್ಸ್ ಎಂಬ ಚೂಯಿಂಗ್ ಗಮ್ ಕಂಪನಿ 1952ರಲ್ಲಿ ಅಚ್ಚು ಹಾಕಿಸಿ, ಮಾರಾಟವಾಗದೆ ಎಂಟು ವರ್ಷ ಗೋದಾಮಿನಲ್ಲಿ ಕೊಳೆಹಾಕಿದ್ದ ಸರಕು ಅದು. ಯಾರಿಗೂ ಬೇಡವಾದ ಆ ಪೆಟ್ಟಿಗೆಗಳನ್ನು ಕಡಲಿಗೆ ಸುರಿಸಿದವರು ಆ ಕಾರ್ಡುಗಳ ವಿನ್ಯಾಸ ಮಾಡಿದವರಲ್ಲಿ ಒಬ್ಬರಾದ ಸೈ ಬರ್ಗರ್ ಎಂಬ ಅಧಿಕಾರಿಯೇ. ಆ ಕಥೆಯನ್ನು ಮುಂದೆ ಅವರು ವರ್ಷಗಟ್ಟಲೆ ಹೇಳುತ್ತಿದ್ದರು. ಹೇಳದೆ ಇರುವುದಾದರೂ ಹೇಗೆ? ಆ ಕಂತಿನಲ್ಲಿ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡೂ ಇತ್ತು. ಅಂಗಡಿಗಳಿಗೆ ಹೋಗಿ ಹೇಗೋ ಉಳಿದುಕೊಂಡಿದ್ದ ಅಂಥ ಒಂದು ಕಾರ್ಡು 2022ರ ಆಗಸ್ಟಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅದನ್ನು ಮಾರಿದಾತ 1991ರಲ್ಲಿ ಕೊಂಡದ್ದು 50 ಸಾವಿರ ಡಾಲರಿಗೆ.

ಈ 1991 ಎಂಬ ಇಸವಿಯನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅದೇ ವರ್ಷ ಅಮೆರಿಕದ ಲಕ್ಷಾಂತರ ಮನೆಗಳಲ್ಲಿ ಮಕ್ಕಳೂ ಅವರ ತಂದೆಯರೂ ಸೇರಿ, ಆಗಷ್ಟೇ ಅಚ್ಚಿನ ಮನೆಯಿಂದ ಬಂದ ಹೊಸ ಕಾರ್ಡುಗಳನ್ನು ಬೆರಳಚ್ಚು ಬೀಳದಂತೆ ಎತ್ತಿ ಪ್ಲಾಸ್ಟಿಕ್ ಹಾಳೆಗಳಲ್ಲಿ ತುಂಬುತ್ತಿದ್ದರು. ಇವೂ ಒಂದು ದಿನ ಮ್ಯಾಂಟಲ್ ಕಾರ್ಡಿನಂತೆ ಬಾಳುತ್ತವೆ ಎಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಕಾಣುತ್ತಿತ್ತು. ಹಳೆಯ ಕಾರ್ಡಿಗೆ ಬೆಲೆ ಬಂದಿದೆ, ಹೊಸ ಕಾರ್ಡೂ ಒಂದು ದಿನ ಹಳೆಯದಾಗುತ್ತದೆ, ಆದ್ದರಿಂದ ಅದಕ್ಕೂ ಬೆಲೆ ಬರಲೇಬೇಕು. ಇದರಲ್ಲಿ ತಪ್ಪಿದ್ದು ಎಲ್ಲಿ ಎಂಬುದು ಗೊತ್ತಾಗುವಷ್ಟರಲ್ಲಿ ಆ ಮಕ್ಕಳು ಕಾಲೇಜು ಸೇರುವ ವಯಸ್ಸಿಗೆ ಬಂದಿದ್ದರು.

ಬೇಸ್‌ಬಾಲ್ ಕಾರ್ಡು ಎಂದರೆ ಹೆಚ್ಚುಕಡಿಮೆ ಇಸ್ಪೀಟು ಎಲೆಯಷ್ಟೇ ಗಾತ್ರದ ರಟ್ಟು. ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಎತ್ತರ. ಮುಂದೆ ಆಟಗಾರನ ಬಣ್ಣದ ಚಿತ್ರ, ಹಿಂದೆ ಅವನ ಜನ್ಮದಿನ, ಊರು, ತೂಕ, ಎತ್ತರ, ಮತ್ತು ಇರುವೆ ಸಾಲಿನಂತೆ ಸಣ್ಣಕ್ಷರದಲ್ಲಿ ಅವನ ಆಟದ ಅಂಕಿ ಅಂಶ. ಮೊದಲಿಗೆ ಸಿಗರೇಟು ಪೊಟ್ಟಣದೊಳಗೆ, ಆಮೇಲೆ ಚೂಯಿಂಗ್ ಗಮ್ ಜೊತೆಗೆ ಇವು ಬರುತ್ತಿದ್ದವು. ‘ರೂಕಿ’ ಎಂದರೆ ಹೊಸಬ. ಆಟಗಾರನೊಬ್ಬ ದೊಡ್ಡ ಲೀಗಿನ ಹೊಸ್ತಿಲಿಗೆ ಬಂದಾಗ ಅವನ ಹೆಸರಿನಲ್ಲಿ ಅಚ್ಚಾಗುವ ಮೊದಲ ಕಾರ್ಡಿಗೆ ರೂಕಿ ಕಾರ್ಡು ಎಂದು ಹೆಸರು. ಸಂಗ್ರಾಹಕರಿಗೆ ಇದರ ಮೇಲೆ ವಿಶೇಷ ಮೋಹ. ಆಟಗಾರ ಮುಂದೆ ಎಷ್ಟೇ ದೊಡ್ಡವನಾಗಲಿ, ಇಪ್ಪತ್ತು ವರ್ಷ ಆಡಲಿ, ಅವನು ಹೊಸಬನಾಗಿರುವುದು ಒಂದೇ ಸಲ ತಾನೆ? (ಮಾತಿಗೆ ಹೇಳುವುದಾದರೆ, ಕೋಟಿಗಟ್ಟಲೆ ಬಾಳಿದ ಆ 1952ರ ಕಾರ್ಡು ಮ್ಯಾಂಟಲ್‌ನ ರೂಕಿ ಕಾರ್ಡೇ ಅಲ್ಲ. ಅವನ ಮೊದಲ ಕಾರ್ಡನ್ನು ಹಿಂದಿನ ವರ್ಷವೇ ಬೌಮನ್ ಎಂಬ ಇನ್ನೊಂದು ಕಂಪನಿ ತಂದಿತ್ತು. ಸಂತೆಯ ಮೋಹಕ್ಕೆ ಯಾವಾಗಲೂ ಶಾಸ್ತ್ರಾಧಾರ ಇರುವುದಿಲ್ಲ.)

ಐವತ್ತರ ದಶಕದ ಹುಡುಗರು ಈ ಕಾರ್ಡುಗಳನ್ನು ಏನು ಮಾಡುತ್ತಿದ್ದರು? ಗೋಡೆಗೆ ಎಸೆದು ಪಂದ್ಯ ಕಟ್ಟುತ್ತಿದ್ದರು. ರಬ್ಬರ್ ಬ್ಯಾಂಡು ಬಿಗಿದು ಚಡ್ಡಿ ಜೇಬಿನಲ್ಲಿ ತುರುಕುತ್ತಿದ್ದರು. ಸೈಕಲ್ ಚಕ್ರದ ಕಡ್ಡಿಗಳಿಗೆ ತಗಲುವಂತೆ ಸಿಕ್ಕಿಸಿ ಮೋಟಾರಿನಂತೆ ಟರ್ರೆನ್ನಿಸುತ್ತಿದ್ದರು. ಹುಡುಗ ದೊಡ್ಡವನಾಗಿ ಕಾಲೇಜಿಗೋ ಸೈನ್ಯಕ್ಕೋ ಹೊರಟ ಮೇಲೆ ತಾಯಿ ಅವನ ಕೋಣೆ ಗುಡಿಸಿ, ಉಳಿದುದನ್ನೆಲ್ಲ ಕಸದ ಬುಟ್ಟಿಗೆ ಹಾಕುತ್ತಿದ್ದಳು. ಅಮೆರಿಕದಲ್ಲಿ ಒಂದು ಇಡೀ ತಲೆಮಾರಿನ ಗಂಡಸರು ತಾಯಿಯ ಮೇಲೆ ಹೊರಿಸುವ ಏಕೈಕ ದೂರು ಇದೇ ಎಂದರೆ ಹೆಚ್ಚಾಗದು. ಆದರೆ ಆ ತಾಯಂದಿರು ಮಾಡಿದ ಉಪಕಾರವನ್ನು ಯಾರೂ ನೆನೆಯುವುದಿಲ್ಲ. ಅವರು ಅಷ್ಟೊಂದನ್ನು ಎಸೆಯದಿದ್ದರೆ, ಕಂಪನಿಯ ಅಧಿಕಾರಿ ಅಷ್ಟೊಂದನ್ನು ಕಡಲಿಗೆ ಸುರಿಯದಿದ್ದರೆ, ಉಳಿದ ನಾಲ್ಕು ಕಾರ್ಡಿಗೆ ಆ ಬೆಲೆ ಬರುತ್ತಲೇ ಇರಲಿಲ್ಲ.

ಎಂಬತ್ತರ ದಶಕದಲ್ಲಿ ಆ ಹುಡುಗರು ನಲವತ್ತರ ಆಸುಪಾಸಿನ ಸಂಪಾದನೆಯುಳ್ಳ ಗೃಹಸ್ಥರಾಗಿದ್ದರು. ಕಳೆದುಹೋದ ಬಾಲ್ಯವನ್ನು ದುಡ್ಡು ಕೊಟ್ಟು ಮರಳಿ ಕೊಳ್ಳುವ ಹುಮ್ಮಸ್ಸು ಅವರಿಗೆ ಬಂತು. ಬೆಲೆ ಏರತೊಡಗಿತು. ಇದೇ ಹೊತ್ತಿಗೆ ಜೇಮ್ಸ್ ಬೆಕೆಟ್ ಎಂಬ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು ಕಾರ್ಡುಗಳ ಧಾರಣೆಯನ್ನು ಊರೂರಿನಿಂದ ಸಂಗ್ರಹಿಸಿ ದರಪಟ್ಟಿ ಮಾಡುತ್ತಿದ್ದರು. 1984ರಿಂದ ಅದು ಮಾಸಪತ್ರಿಕೆಯಾಗಿಯೇ ಬರತೊಡಗಿತು. ಷೇರುಪೇಟೆಯ ಪುಟದಂತೆ ಅದರಲ್ಲಿ ಪ್ರತಿ ಕಾರ್ಡಿನ ಮುಂದೆಯೂ ಬೆಲೆ, ಏರಿದ್ದರೆ ಮೇಲ್ಮುಖದ ಬಾಣ, ಇಳಿದಿದ್ದರೆ ಕೆಳಮುಖದ ಬಾಣ. ಅಲ್ಲಿಯವರೆಗೆ ‘ನನ್ನ ಹತ್ತಿರ ಇವನಿದ್ದಾನೆ’ ಎನ್ನುತ್ತಿದ್ದ ಹುಡುಗ ‘ನನ್ನ ಹತ್ತಿರ ಹನ್ನೆರಡು ಡಾಲರ್ ಇದೆ’ ಎನ್ನತೊಡಗಿದ. ಹವ್ಯಾಸದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಕಾರ್ಡು ಮಾಡುವ ಕಂಪನಿಗಳಿಗೂ ಇದರ ವಾಸನೆ ಬಡಿಯಿತು. ಬಹುಕಾಲ ಟಾಪ್ಸ್ ಒಂದರದ್ದೇ ಏಕಸ್ವಾಮ್ಯವಿತ್ತು. ಫ್ಲೀರ್ ಎಂಬ ಕಂಪನಿ ನ್ಯಾಯಾಲಯಕ್ಕೆ ಹೋಗಿ 1980ರಲ್ಲಿ ಆ ಕೋಟೆ ಒಡೆಯಿತು. 1981ರಲ್ಲಿ ಫ್ಲೀರ್, ಡಾನ್‌ರಸ್ ಎರಡೂ ಕಣಕ್ಕಿಳಿದವು. ಮೇಲ್ಮನವಿಯಲ್ಲಿ ಟಾಪ್ಸ್ ಗೆದ್ದಿತಾದರೂ ಅದರ ಹಕ್ಕು ಗಮ್ ಜೊತೆ ಮಾರುವ ಕಾರ್ಡಿಗೆ ಮಾತ್ರ ಎಂದು ಎದುರಾಳಿಗಳು ಅರ್ಥಮಾಡಿಕೊಂಡರು. ಒಬ್ಬರು ಗಮ್ ಬದಲು ಸ್ಟಿಕ್ಕರ್ ಇಟ್ಟರು, ಇನ್ನೊಬ್ಬರು ಜೋಡಿಸುವ ಚಿತ್ರದ ತುಂಡು ಇಟ್ಟರು. ಕಾನೂನಿಗೆ ಸಮಾಧಾನವಾಯಿತು. ಮಕ್ಕಳಿಗೂ ಏನೂ ನಷ್ಟವಾಗಲಿಲ್ಲ, ಏಕೆಂದರೆ ಆ ಗಮ್ಮು ಹಲಗೆಯಷ್ಟು ಗಟ್ಟಿಯಿರುತ್ತಿತ್ತು, ಮೇಲಾಗಿ ಪಕ್ಕದ ಕಾರ್ಡಿಗೆ ಕಲೆ ಮಾಡುತ್ತಿತ್ತು. 1992ರಲ್ಲಿ ಟಾಪ್ಸ್ ಕೂಡ ಅದನ್ನು ಕೈಬಿಟ್ಟಿತು. ಗಮ್ಮಿಗೆ ಉಚಿತವಾಗಿ ಬರುತ್ತಿದ್ದ ಕಾರ್ಡು, ಕೊನೆಗೆ ಗಮ್ಮನ್ನೇ ಮನೆಯಿಂದ ಹೊರಹಾಕಿತು.

1989ರಲ್ಲಿ ಅಪ್ಪರ್ ಡೆಕ್ ಎಂಬ ಹೊಸ ಕಂಪನಿ ಬಂತು. ದಪ್ಪ ಬಿಳಿ ರಟ್ಟು, ಎರಡೂ ಬದಿಗೆ ಬಣ್ಣದ ಚಿತ್ರ, ನಕಲು ಮಾಡಲಾಗದಂತೆ ಮಿನುಗುವ ಹಾಲೊಗ್ರಾಂ, ಮೇಣದ ಕಾಗದದ ಬದಲು ಒಮ್ಮೆ ಬಿಚ್ಚಿದರೆ ಮತ್ತೆ ಅಂಟಿಸಲಾಗದ ಲೋಹದ ಹಾಳೆಯ ಪೊಟ್ಟಣ. ಬೆಲೆ ಸುಮಾರು ಒಂದು ಡಾಲರು. ಉಳಿದವರದ್ದು ಅದರ ಅರ್ಧದಷ್ಟು. ದುಬಾರಿಯಾಯಿತೆಂದು ಯಾರೂ ಗೊಣಗಲಿಲ್ಲ. ಆ ಕಂತಿನ ಒಂದನೆಯ ಸಂಖ್ಯೆಯ ಕಾರ್ಡಾಗಿ ಯಾರನ್ನು ಹಾಕಬೇಕು ಎಂಬ ಪ್ರಶ್ನೆ ಬಂದಾಗ, ಕಂಪನಿಯಲ್ಲಿದ್ದ ಹದಿಹರೆಯದ ನೌಕರನೊಬ್ಬ ಕೆನ್ ಗ್ರಿಫಿ ಜೂನಿಯರ್ ಎಂಬ ಹುಡುಗನ ಹೆಸರು ಹೇಳಿದ. ಗ್ರಿಫಿ ಆಗಿನ್ನೂ ದೊಡ್ಡ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಸಿಯಾಟಲ್ ಮ್ಯಾರಿನರ್ಸ್ ತಂಡದ ಟೋಪಿ ತೊಟ್ಟ ಅವನ ಚಿತ್ರವೇ ಇರಲಿಲ್ಲ. ಕೆಳಹಂತದ ತಂಡದ ಟೋಪಿ ಹಾಕಿ ನಗುತ್ತಿದ್ದ ಫೋಟೋ ಸಿಕ್ಕಿತು, ಚಿತ್ರಕಾರರು ಟೋಪಿಯನ್ನು ತಿದ್ದಿ ಸಿಯಾಟಲ್‌ನದ್ದಾಗಿ ಮಾಡಿದರು. ಇಲ್ಲದ ಟೋಪಿಯ ಆ ನಗುಮುಖವೇ ಒಂದು ಕಾಲದ ಗುರುತಾಯಿತು.

ಹುಡುಗನೂ ಹೆಸರು ಉಳಿಸಿದ ಎನ್ನಿ. 1989ರಲ್ಲಿ ಆಡತೊಡಗಿದ. ಅವನ ತಂದೆ ಕೆನ್ ಗ್ರಿಫಿ ಸೀನಿಯರ್ ಕೂಡ ಆಟಗಾರರೇ. 1990ರ ಆಗಸ್ಟ್ 31ರಂದು ಇಬ್ಬರೂ ಒಂದೇ ತಂಡದಲ್ಲಿ ಕಣಕ್ಕಿಳಿದರು. ತಂದೆ ಮಗ ಒಟ್ಟಿಗೆ ದೊಡ್ಡ ಲೀಗಿನ ಪಂದ್ಯವಾಡಿದ್ದು ಅದೇ ಮೊದಲು. ಎರಡು ವಾರದ ಮೇಲೆ, ಸೆಪ್ಟೆಂಬರ್ 14ರಂದು, ತಂದೆ ಒಂದು ಹೋಮ್ ರನ್ ಹೊಡೆದರು, ಬೆನ್ನಿಗೇ ಬಂದ ಮಗ ಇನ್ನೊಂದು ಹೊಡೆದ. (ಕ್ರಿಕೆಟ್ ಬಲ್ಲವರು ಇದನ್ನು ಸಿಕ್ಸರ್ ಎಂದುಕೊಳ್ಳಬಹುದು. ಆದರೆ ಅದು ಸಿಕ್ಸರಿಗಿಂತ ಬಹಳ ಅಪರೂಪ.) ಅಮೆರಿಕದ ಎಷ್ಟು ಮನೆಗಳಲ್ಲಿ ಅಂದು ರಾತ್ರಿ ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು!

ಆ ಕಾಲದ ಒಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಹನ್ನೊಂದು ವರ್ಷದ ಹುಡುಗ. ಅಕ್ಕಪಕ್ಕದವರ ಹುಲ್ಲು ಕತ್ತರಿಸಿ ಕೊಟ್ಟ ದುಡ್ಡು ಜೇಬಿನಲ್ಲಿ. ಶನಿವಾರ ಬೆಳಿಗ್ಗೆ ಅಪ್ಪನ ಕಾರಿನಲ್ಲಿ ಕಾರ್ಡಿನ ಅಂಗಡಿಗೆ. ಗಾಜಿನ ಪೆಟ್ಟಿಗೆಯೊಳಗೆ ದೀಪದ ಕೆಳಗೆ ಮಲಗಿದ ದುಬಾರಿ ಕಾರ್ಡುಗಳನ್ನು ಮೂಗು ತಾಗಿಸಿ ನೋಡುವುದು, ಆಮೇಲೆ ನಾಲ್ಕು ಪೊಟ್ಟಣ ಕೊಂಡು ಅಲ್ಲೇ ಬಿಚ್ಚುವುದು. ಒಂದೊಂದರಲ್ಲಿ ಹತ್ತು ಹದಿನೈದು ಕಾರ್ಡು. ಹನ್ನೆರಡು ಮಂದಿ ‘ಕಾಮನ್’ಗಳು, ಅಂದರೆ ಯಾರಿಗೂ ಬೇಡದ ಸಾಮಾನ್ಯರು, ಒಬ್ಬನೋ ಇಬ್ಬರೋ ಹೊಸಬರು. ಹೊಸಬ ಸಿಕ್ಕರೆ ಅವನಿಗೆ ಒಡನೆಯೇ ಪ್ಲಾಸ್ಟಿಕ್ ಕವಚ. ಬಹಳ ದೊಡ್ಡ ಹೆಸರಾದರೆ ನಾಲ್ಕು ಮೂಲೆಗೂ ತಿರುಪು ಬಿಗಿದ ದಪ್ಪ ಗಾಜಿನಂಥ ಪೆಟ್ಟಿಗೆ. ಮನೆಗೆ ಬಂದು ದರಪಟ್ಟಿ ಬಿಡಿಸಿ, ಪೆನ್ಸಿಲ್ಲಿನಿಂದ ಕೂಡಿಸಿ, ‘ಅಪ್ಪಾ, ನನ್ನ ಹತ್ತಿರ ಈಗ ನಾನೂರಾ ಹತ್ತು ಡಾಲರ್ ಇದೆ’ ಎಂದು ಕೂಗುವುದು.

ಅಪ್ಪ ನಗುತ್ತಾನೆ. ಆದರೆ ಪೂರ್ತಿ ನಗೆಯಲ್ಲ ಅದು. ಅವನ ಕಾರ್ಡುಗಳನ್ನೂ ಅವನ ತಾಯಿ ಎಸೆದಿದ್ದಳಲ್ಲವೆ? ಆದ್ದರಿಂದ ಅವನೂ ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಟಾಪ್ಸ್‌ನ 792 ಕಾರ್ಡುಗಳ ಪೂರ್ಣ ಕಂತನ್ನು ಕೊಂಡು, ಮುದ್ರೆ ಒಡೆಯದೆ ಕಪಾಟಿನ ಮೇಲೆ ಇಡುತ್ತಾನೆ. 1990ರದ್ದು, 1991ರದ್ದು, 1992ರದ್ದು. ಮಗ ಹದಿನೆಂಟಕ್ಕೆ ಬಂದಾಗ ಕಾಲೇಜಿನ ಶುಲ್ಕಕ್ಕೆ ಆಯಿತು. ಇದು ಆ ದಿನಗಳಲ್ಲಿ ತಮಾಷೆಯ ಮಾತಾಗಿರಲಿಲ್ಲ. ಬ್ಯಾಂಕಿನ ಬಡ್ಡಿಗಿಂತ ಕಾರ್ಡು ಮೇಲು ಎಂದು ನಂಬಿದ ಸಂಸಾರವಂತರು ಎಷ್ಟೋ ಮಂದಿ ಇದ್ದರು. ಅವರನ್ನು ದುರಾಸೆಯವರೆಂದು ಕರೆಯುವುದು ಅನ್ಯಾಯ. ಮಗನ ಓದಿಗೆಂದು ಕೂಡಿಡುವುದು, ಅದನ್ನೂ ಮಗನ ಜೊತೆಯಲ್ಲೇ ಕೂತು, ಅವನಿಗೆ ಇಷ್ಟವಾದ ಆಟದಲ್ಲೇ ಕೂಡಿಡುವುದು. ಇಂಥ ಉಳಿತಾಯಕ್ಕೆ ಯಾವ ತಂದೆಯ ಮನಸ್ಸು ಕರಗುವುದಿಲ್ಲ?

ದರಪಟ್ಟಿಯನ್ನು ಓದುವುದರಲ್ಲೂ ಒಂದು ಮರೆಮಾತು ಇತ್ತು. ಪಟ್ಟಿಯಲ್ಲಿ ಹತ್ತು ಡಾಲರ್ ಎಂದಿದ್ದರೆ ಅದು ಅಂಗಡಿಯವನು ಗಿರಾಕಿಯಿಂದ ಕೇಳುವ ಬೆಲೆ. ಗಿರಾಕಿ ಅದೇ ಕಾರ್ಡನ್ನು ಮಾರಲು ಹೋದರೆ ಅರ್ಧ ಸಿಕ್ಕಿದರೆ ಪುಣ್ಯ. ಹುಡುಗನ ನಾನೂರಾ ಹತ್ತು ಡಾಲರು ಪೆನ್ಸಿಲ್ಲಿನಲ್ಲಿ ಇತ್ತೇ ಹೊರತು ಪೇಟೆಯಲ್ಲಿ ಇರಲಿಲ್ಲ. ಮಾರಲು ಯಾರೂ ಹೋಗದಷ್ಟು ದಿನ ಈ ವ್ಯತ್ಯಾಸ ಯಾರಿಗೂ ಕಾಣಲಿಲ್ಲ.

ಕಂಪನಿಗಳಂತೂ ಅಚ್ಚು ಹಾಕುತ್ತಲೇ ಹೋದವು. ಬೇಡಿಕೆ ಇದ್ದಷ್ಟೂ ಅಚ್ಚು, ಅಚ್ಚಾದಷ್ಟೂ ಮಾರಾಟ. ಎಷ್ಟು ಅಚ್ಚಾಯಿತೆಂದು ಅವು ಬಾಯಿ ಬಿಡುತ್ತಿರಲಿಲ್ಲ. ಈ ವ್ಯಾಪಾರದ ಪತ್ರಿಕೆಯೊಂದರ ಅಂದಾಜಿನ ಪ್ರಕಾರ ಉಬ್ಬರದ ದಿನಗಳಲ್ಲಿ ವರ್ಷಕ್ಕೆ 8,100 ಕೋಟಿ ಕಾರ್ಡುಗಳು ಅಚ್ಚಾಗುತ್ತಿದ್ದವು. ಆಗ ಅಮೆರಿಕದ ಜನಸಂಖ್ಯೆ ಸುಮಾರು 25 ಕೋಟಿ. ತೊಟ್ಟಿಲ ಕೂಸಿನಿಂದ ಹಿಡಿದು ಪ್ರತಿಯೊಬ್ಬರಿಗೂ ಮುನ್ನೂರಕ್ಕಿಂತ ಹೆಚ್ಚು! ಅಂದಾಜು ಅರ್ಧದಷ್ಟು ತಪ್ಪೆಂದೇ ಇಟ್ಟುಕೊಂಡರೂ ಭಯವಾಗುವ ಲೆಕ್ಕ. ಮೊದಲಿದ್ದ ಒಂದು ಕಂಪನಿಯ ಜಾಗದಲ್ಲಿ ಐದಾದವು, ಒಂದೊಂದೂ ವರ್ಷಕ್ಕೆ ಎರಡು ಮೂರು ಬಗೆ ತಂದವು. ಒಬ್ಬನೇ ಹೊಸಬನಿಗೆ ಒಂದೇ ವರ್ಷ ಹತ್ತು ಬಗೆಯ ‘ಮೊದಲ’ ಕಾರ್ಡುಗಳು. ಮುಖ್ಯವಾದ ಮಾತೆಂದರೆ, ಇವನ್ನು ಯಾರೂ ಎಸೆಯಲಿಲ್ಲ. ಯಾರೂ ಸೈಕಲ್ ಚಕ್ರಕ್ಕೆ ಸಿಕ್ಕಿಸಲಿಲ್ಲ. ತಾಯಂದಿರೂ ಪಾಠ ಕಲಿತು ಕೋಣೆ ಗುಡಿಸುವಾಗ ಪೆಟ್ಟಿಗೆಯನ್ನು ಮುಟ್ಟದೆ ಬಿಟ್ಟರು. ಅಚ್ಚಾದದ್ದರಲ್ಲಿ ಬಹುಪಾಲು ಹೊಚ್ಚ ಹೊಸದಾಗಿಯೇ ಉಳಿಯಿತು. ಮ್ಯಾಂಟಲ್ ಕಾರ್ಡಿಗೆ ಬೆಲೆ ತಂದ ಕಾರಣ ಯಾವುದೋ, ಅದನ್ನೇ ಲಕ್ಷಾಂತರ ಜನ ಸೇರಿ ಎಚ್ಚರದಿಂದ ಅಳಿಸಿಹಾಕಿದರು.

1994ರ ಆಗಸ್ಟ್ 12ರಂದು ಆಟಗಾರರು ಮುಷ್ಕರ ಹೂಡಿದರು. ಸಂಬಳದ ಮಿತಿಯ ಬಗ್ಗೆ ತಂಡದ ಮಾಲೀಕರ ಜೊತೆ ಜಗಳ. ಸೆಪ್ಟೆಂಬರಿನಲ್ಲಿ ವರ್ಲ್ಡ್ ಸೀರೀಸ್ ರದ್ದಾಯಿತು. 1904ರ ನಂತರ ಎರಡು ಮಹಾಯುದ್ಧಗಳಲ್ಲೂ ನಿಲ್ಲದಿದ್ದ ಪಂದ್ಯಾವಳಿ ಅದು. ಕೋಟಿಗಟ್ಟಲೆ ಸಂಪಾದಿಸುವವರ ಜಗಳ ನೋಡಿ ಹುಡುಗರಿಗೆ ಬೇಸರ ಬಂತು. ಅವರಿಗೆ ವಿಡಿಯೋ ಆಟಗಳೂ ಬಂದಿದ್ದವು. ಕಾರ್ಡಿನ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದವು. ಅಂಗಡಿ ಮುಚ್ಚುವವರು ಸರಕು ಹೊರಗೆ ಚೆಲ್ಲಿದಾಗ, ಕಪಾಟಿನಲ್ಲಿ ಇಟ್ಟವರಿಗೆ ಮೊದಲ ಬಾರಿಗೆ ಗೊತ್ತಾಯಿತು, ಬೀದಿಯ ಪ್ರತಿ ಮನೆಯ ಕಪಾಟಿನಲ್ಲೂ ಅದೇ ಇದೆ ಎಂದು. ಈಗ ಆ ಕಾಲಕ್ಕೆ ‘ಜಂಕ್ ವ್ಯಾಕ್ಸ್’ ಎಂದು ಹೆಸರು. ಮೇಣದ ಕಾಗದದಲ್ಲಿ ಸುತ್ತಿ ಬಂದ ಕಸ ಎಂದು ಅರ್ಥ. ಮುದ್ರೆ ಒಡೆಯದ ಎಷ್ಟೋ ಪೆಟ್ಟಿಗೆಗಳು ಮೂವತ್ತು ವರ್ಷದ ಮೇಲೂ ಅಂದು ಕೊಟ್ಟ ದುಡ್ಡಿನ ಆಸುಪಾಸಿಗೇ ಸಿಗುತ್ತವೆ. ಕಾಲೇಜಿನ ಶುಲ್ಕವಾದರೋ ಈ ಅವಧಿಯಲ್ಲಿ ಹಲವು ಪಟ್ಟು ಏರಿ ಕೂತಿದೆ.

ಹಾಗೆಂದು ಆ ಪೆಟ್ಟಿಗೆಗಳನ್ನು ಕಣ್ಣು ಮುಚ್ಚಿ ಎಸೆಯುವಂತೆಯೂ ಇಲ್ಲ. ಆ ವರ್ಷಗಳ ಕಾರ್ಡುಗಳಲ್ಲಿ ಕೆಲವು ನಿಜಕ್ಕೂ ಬಾಳುತ್ತವೆ. ಅವು ಯಾವುವು ಎಂದು ನೋಡಿದರೆ ಮತ್ತೆ ಹಳೆಯ ಸೂತ್ರವೇ ಕಾಣುತ್ತದೆ. ಯಾವುದನ್ನು ಬೇಕೆಂದು ಅಪರೂಪ ಮಾಡಲಿಲ್ಲವೋ, ಯಾರೂ ಜೋಪಾನ ಮಾಡಬೇಕೆಂದು ಇಟ್ಟುಕೊಳ್ಳಲಿಲ್ಲವೋ, ಅವು. 1990ರ ಟಾಪ್ಸ್‌ನಲ್ಲಿ ಫ್ರಾಂಕ್ ಥಾಮಸ್ ಎಂಬ ಹೊಸಬನ 414ನೇ ಕಾರ್ಡು ಅಚ್ಚಾಗುವಾಗ ಕಪ್ಪು ಶಾಯಿಗೆ ಏನೋ ಅಡ್ಡ ಬಂದು ಕೆಲವು ಪ್ರತಿಗಳಲ್ಲಿ ಅವನ ಹೆಸರೇ ಬೀಳಲಿಲ್ಲ. ಹೆಸರಿರುವ ಕಾರ್ಡಿಗೆ ಚಿಲ್ಲರೆ ಕಾಸು, ಹೆಸರಿಲ್ಲದ್ದಕ್ಕೆ ಸಾವಿರಾರು ಡಾಲರು. 1991ರ ಟಾಪ್ಸ್ ಕಾರ್ಡುಗಳಲ್ಲಿ ಒಂದು ಪಾಲಿಗೆ ಈಚಲು ಮರವಿರುವ ಚಿನ್ನದ ಬಣ್ಣದ ಗುರಾಣಿಯ ಮುದ್ರೆ ಒತ್ತಿ ಕೊಲ್ಲಿ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೈನಿಕರಿಗೆ ಕಳಿಸಲಾಗಿತ್ತು. ಮರಳುಗಾಡಿನ ಡೇರೆಯಲ್ಲಿ ಕಾರ್ಡಿನ ಮೂಲೆ ಮಡಿಸಿತೇ ಎಂದು ನೋಡುವ ವ್ಯವಧಾನ ಯಾರಿಗಿತ್ತು? ಚೆನ್ನಾಗಿ ಉಳಿದು ಬಂದವಕ್ಕೆ, ಅದರಲ್ಲೂ ಚಿಪ್ಪರ್ ಜೋನ್ಸ್‌ನ ರೂಕಿ ಕಾರ್ಡಿಗೆ, ಈಗ ಭಾರಿ ಬೆಲೆ. ಅಷ್ಟೇ ಭಾರಿಯಾಗಿ ಆ ಚಿನ್ನದ ಮುದ್ರೆಯ ನಕಲೂ ಓಡಾಡುತ್ತಿದೆ; ಕೊಳ್ಳುವವರು ಭೂತಗನ್ನಡಿ ಹಿಡಿದೇ ಕೊಳ್ಳಬೇಕು. ತಪ್ಪು ಅಚ್ಚೆಲ್ಲ ಬಂಗಾರವೆಂದೂ ತಿಳಿಯಬೇಕಾಗಿಲ್ಲ. 1990ರ ಡಾನ್‌ರಸ್‌ನಲ್ಲಿ ವಾನ್ ಗೊನ್ಸಾಲೆಸ್‌ನ ಚಿತ್ರ ಎಡಬಲ ತಿರುಗಿ ಅಚ್ಚಾಯಿತು. ಆಗ ಹುಡುಗರು ಅದಕ್ಕೆ ಮುಗಿಬಿದ್ದರು. ಅಂಥವು ಬೇಕಾದಷ್ಟು ಇದ್ದುದರಿಂದ ಈಗ ಕೇಳುವವರಿಲ್ಲ.

ಬೆಲೆ ಕಟ್ಟುವ ಕ್ರಮವೂ ಬದಲಾಯಿತು. 1991ರಲ್ಲಿ ಪಿ.ಎಸ್.ಎ. ಎಂಬ ಸಂಸ್ಥೆ ಶುರುವಾಯಿತು. ಹಳೆಯ ನಾಣ್ಯಗಳಿಗೆ ದರ್ಜೆ ಕೊಡುತ್ತಿದ್ದವರೇ ಕಾರ್ಡಿಗೂ ಆ ಪದ್ಧತಿ ತಂದರು. ಕಾರ್ಡು ಕಳಿಸಿದರೆ ಪರೀಕ್ಷಕರು ನಾಲ್ಕು ಮೂಲೆ ಚೂಪಾಗಿವೆಯೆ, ಅಂಚು ಬಿಳಿಚಿದೆಯೆ, ಮೈಮೇಲೆ ಗೀರು ಇದೆಯೆ, ಚಿತ್ರ ನಟ್ಟನಡುವೆ ಕೂತಿದೆಯೆ ಎಂದು ನೋಡಿ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆ ಹಾಕುತ್ತಾರೆ. ಪರೀಕ್ಷೆ ಬರೆದ ಮಕ್ಕಳಿಗೆ ಇದರ ಸಂಕಟ ಬೇಗ ಅರ್ಥವಾದೀತು. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಬರಿಗಣ್ಣಿಗೆ ಕಾಣದ ವ್ಯತ್ಯಾಸ. ಬೆಲೆಯಲ್ಲಿ ಹತ್ತಾರು ಪಟ್ಟು ಅಂತರ. ಗ್ರಿಫಿಯ ಆ 1989ರ ಕಾರ್ಡಿಗೆ ಹತ್ತು ಅಂಕ ಬಂದಿದ್ದರೆ ಸಾವಿರ ಡಾಲರು ದಾಟುತ್ತದೆ. ಹತ್ತು ಅಂಕ ಪಡೆದ ಅಂಥ ಕಾರ್ಡುಗಳೇ ನಾಲ್ಕು ಸಾವಿರಕ್ಕಿಂತ ಹೆಚ್ಚಿವೆ ಎಂಬುದನ್ನು ನೆನೆದರೆ, ಇದಕ್ಕೆ ಅಪರೂಪ ಎನ್ನುವುದಕ್ಕಿಂತ ಪ್ರೀತಿ ಎನ್ನುವುದೇ ಸರಿ. ಸಾಮಾನ್ಯ ಕಾರ್ಡುಗಳಿಗಾದರೆ ಅಂಕ ಹಾಕಿಸುವ ಶುಲ್ಕವೇ ಕಾರ್ಡಿನ ಬೆಲೆಗಿಂತ ಹೆಚ್ಚು. ಇನ್ನೊಂದು ವಿಚಿತ್ರ: ಹುಡುಗರು ಅಮೂಲ್ಯವೆಂದು ತಿರುಪು ಬಿಗಿದು ಇಟ್ಟ ಕಾರ್ಡುಗಳು ಆ ಒತ್ತಡಕ್ಕೇ ಚಪ್ಪಟೆಯಾಗಿ ಅಂಕಕ್ಕೆ ಎರವಾದದ್ದು ಉಂಟು. ಅಗ್ಗದ ಪ್ಲಾಸ್ಟಿಕ್ ಹಾಳೆಗಳು ವರ್ಷ ಕಳೆದಂತೆ ಜಿಡ್ಡು ಬಿಟ್ಟು ಕಾರ್ಡಿನ ಮೈ ಕೆಡಿಸಿದ್ದೂ ಉಂಟು.

2020ರಲ್ಲಿ ಕೊರೊನಾ ಬಂದು ಜನ ಮನೆಯಲ್ಲಿ ಕೂತಾಗ ಈ ಗೀಳು ಮತ್ತೆ ಕೆರಳಿತು. ಅಟ್ಟದ ಪೆಟ್ಟಿಗೆಗಳು ಕೆಳಗಿಳಿದವು. ಅಂಕ ಕೊಡಬೇಕಾದ ಕಾರ್ಡುಗಳು ಬೆಟ್ಟದಂತೆ ಬಂದು ಬಿದ್ದು, 2021ರ ಮಾರ್ಚ್ ಕೊನೆಗೆ ಪಿ.ಎಸ್.ಎ. ಹೊಸದಾಗಿ ಕಾರ್ಡು ತೆಗೆದುಕೊಳ್ಳುವುದನ್ನೇ ಬಹುಮಟ್ಟಿಗೆ ನಿಲ್ಲಿಸಬೇಕಾಯಿತು. ಆ ಸಂಭ್ರಮದಲ್ಲೂ ತೊಂಬತ್ತರ ಆರಂಭದ ಸಾಮಾನ್ಯ ಕಾರ್ಡುಗಳ ಅದೃಷ್ಟ ತಿರುಗಲಿಲ್ಲ.

ಆದರೆ ಆ ಕಾರ್ಡುಗಳಿಂದ ಮಕ್ಕಳಿಗೆ ಏನೂ ದಕ್ಕಲಿಲ್ಲ ಎನ್ನುವಂತಿಲ್ಲ. ಕಾರ್ಡಿನ ಬೆನ್ನಿನ ಲೆಕ್ಕ ಅವರಿಗೆ ಬಾಯಿಪಾಠ. ಗ್ರಿಫಿ ಮೊದಲ ವರ್ಷ 455 ಬಾರಿ ಬ್ಯಾಟು ಬೀಸಲು ನಿಂತು 120 ಬಾರಿ ಯಶಸ್ವಿಯಾಗಿ ಹೊಡೆದ. ಭಾಗಿಸಿದರೆ .264. ಮೂರು ದಶಮಾಂಶ ಸ್ಥಾನದ ಭಾಗಾಕಾರವನ್ನು ಶಾಲೆಯಲ್ಲಿ ಅಳುತ್ತಾ ಮಾಡಿದ ಹುಡುಗ ಹಾಸಿಗೆಯಲ್ಲಿ ಮಲಗಿ ಬ್ಯಾಟರಿ ಬೆಳಕಿನಲ್ಲಿ ಖುಷಿಯಿಂದ ಮಾಡುತ್ತಿದ್ದ. ಹತ್ತರಲ್ಲಿ ಮೂರು ಸಲ ಗೆದ್ದವನು ಮಹಾ ಆಟಗಾರ, ಏಳು ಸಲ ಸೋಲುವುದು ಆಟದ ಧರ್ಮ ಎಂಬುದೂ ಅವನಿಗೆ ಅಲ್ಲೇ ತಿಳಿಯಿತು.

ಮುಂದೆ ಯಾರು ದೊಡ್ಡವನಾಗುತ್ತಾನೆ ಎಂದು ಹದಿನೆಂಟು ವರ್ಷದ ಹುಡುಗನ ಮುಖ ನೋಡಿ ಹೇಳಲಾಗದು ಎಂಬುದು ಮಾತ್ರ ತಡವಾಗಿ ತಿಳಿಯಿತು. 1990ರ ಆಯ್ಕೆಯಲ್ಲಿ ಟಾಡ್ ವಾನ್ ಪಾಪೆಲ್ ಎಂಬ ಟೆಕ್ಸಾಸಿನ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ದೊಡ್ಡ ಹೆಸರು. 1991ರಲ್ಲಿ ಅವನ ಕಾರ್ಡಿಗೆ ಮಕ್ಕಳು ನೂಕಾಡಿದರು. ಅವನು ದೊಡ್ಡ ಲೀಗಿನಲ್ಲಿ ಗೆದ್ದದ್ದು 40 ಪಂದ್ಯ, ಸೋತದ್ದು 52. ಅವನನ್ನು ಹಳಿಯುವವರು ಒಂದು ಮಾತು ಮರೆಯುತ್ತಾರೆ: ಆ ಮಟ್ಟದಲ್ಲಿ 40 ಪಂದ್ಯ ಗೆಲ್ಲುವವರು ಎಷ್ಟು ಮಂದಿ? ಅತ್ತ ಮೈಕ್ ಪಿಯಾಟ್ಸಾ ಎಂಬವನನ್ನು 1988ರಲ್ಲಿ 62ನೇ ಸುತ್ತಿನಲ್ಲಿ, 1,390ನೆಯವನಾಗಿ ಆರಿಸಿದ್ದರು. ಅಪ್ಪನ ಸ್ನೇಹಿತರ ದಾಕ್ಷಿಣ್ಯಕ್ಕೆ ಸಿಕ್ಕ ಜಾಗ ಅದು. 1992ರಲ್ಲಿ ಬಂದ ಅವನ ಬೌಮನ್ ಕಾರ್ಡನ್ನು ಎಷ್ಟು ಹುಡುಗರು ಸಾಮಾನ್ಯರ ರಾಶಿಗೆ ಎಸೆದರೋ! ಮರುವರ್ಷ ಅವನೇ ವರ್ಷದ ಹೊಸಬ ಪ್ರಶಸ್ತಿ ಪಡೆದ. 2016ರಲ್ಲಿ ಗ್ರಿಫಿಯ ಜೊತೆಗೇ ಬೇಸ್‌ಬಾಲ್‌ನ ಗೌರವ ಭವನ ಸೇರಿದ. ಅದೇ ಬೌಮನ್ ಕಂತಿನಲ್ಲಿ ಪನಾಮಾ ದೇಶದ ಮೀನುಗಾರನ ಮಗ ಮರಿಯಾನೊ ರಿವೇರಾನ ಕಾರ್ಡೂ ಇತ್ತು. 2019ರಲ್ಲಿ ಒಂದು ಮತವೂ ಕಡಿಮೆಯಾಗದೆ ಗೌರವ ಭವನಕ್ಕೆ ಆಯ್ಕೆಯಾದ ಮೊದಲಿಗ ಅವನು.

ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಒಂದು ವರ್ಷದ ಅಂತರದಲ್ಲಿ ಇಬ್ಬರು ಹುಡುಗರು ಬಂದರು. ಒಬ್ಬ 1991ರಲ್ಲಿ ಇಡೀ ದೇಶದಲ್ಲಿ ಮೊದಲಿಗನಾಗಿ ಆಯ್ಕೆಯಾದ ಬ್ರಯನ್ ಟೇಲರ್. ಉತ್ತರ ಕ್ಯಾರೊಲಿನಾದ ಬಡ ಮನೆತನದ ಎಡಗೈ ಪಿಚರ್. ಸಹಿ ಹಾಕಿದ್ದಕ್ಕೇ ತಂಡ ಅವನಿಗೆ 15 ಲಕ್ಷ 50 ಸಾವಿರ ಡಾಲರ್ ಕೊಟ್ಟಿತು. ಇನ್ನೊಬ್ಬ ಮರುವರ್ಷ ಆರನೆಯವನಾಗಿ ಬಂದ ಮಿಶಿಗನ್ನಿನ ತೆಳ್ಳನೆಯ ಹುಡುಗ, ಡೆರಿಕ್ ಜೀಟರ್. ಟೇಲರ್‌ನ ಕಾರ್ಡು 1992ರ ಟಾಪ್ಸ್‌ನಲ್ಲಿ 6ನೆಯದು. ಜೀಟರ್‌ನದ್ದು 1993ರ ಟಾಪ್ಸ್‌ನಲ್ಲಿ 98ನೆಯದು. ಅದೇ 1993ರಲ್ಲಿ ಅಪ್ಪರ್ ಡೆಕ್ ‘ಎಸ್.ಪಿ.’ ಎಂಬ ಹೆಸರಿನಲ್ಲಿ ತಂದ ಮಿನುಗು ಹಾಳೆಯ ಕಾರ್ಡೊಂದು ಜೀಟರ್‌ನದ್ದೇ ಇದೆ. ಅದರ ಅಂಚು ಮುಟ್ಟಿದರೆ ಉದುರುವಂಥದು. ಹತ್ತು ಅಂಕ ಗಿಟ್ಟಿಸಿದ್ದು ತೀರ ವಿರಳ, ಅಂಥದ್ದಕ್ಕೆ ಲಕ್ಷ ಡಾಲರ್ ಮೀರಿದ ಬೆಲೆ ಬಂದಿದೆ. 1993ರ ಡಿಸೆಂಬರಿನಲ್ಲಿ ಟೇಲರ್ ತನ್ನ ಸಹೋದರನ ಪರವಾಗಿ ಜಗಳಕ್ಕೆ ಹೋಗಿ ಎಡ ಭುಜಕ್ಕೆ ತೀವ್ರ ಪೆಟ್ಟು ಮಾಡಿಕೊಂಡ. ಶಸ್ತ್ರಚಿಕಿತ್ಸೆಯಾಯಿತು, ಚೆಂಡಿನ ಮೊದಲಿನ ವೇಗ ಮರಳಲಿಲ್ಲ. ದೊಡ್ಡ ಲೀಗಿನಲ್ಲಿ ಅವನು ಒಂದು ಚೆಂಡನ್ನೂ ಎಸೆಯಲಿಲ್ಲ. ಜೀಟರ್ ಇಪ್ಪತ್ತು ವರ್ಷ ಆಡಿದ, 2020ರಲ್ಲಿ ಗೌರವ ಭವನಕ್ಕೆ ಆಯ್ಕೆಯಾದ.

ಆ ಹನ್ನೊಂದು ವರ್ಷದ ಹುಡುಗನಿಗೆ ಈಗ ನಲವತ್ತು ದಾಟಿದೆ. ಅಂಥವರ ಪೆಟ್ಟಿಗೆಗಳನ್ನು ಈಗ ಬಿಚ್ಚಿದರೆ ಇಬ್ಬರೂ ಸಿಗುತ್ತಾರೆ. ಟೇಲರ್ ತಿರುಪು ಬಿಗಿದ ದಪ್ಪ ಪೆಟ್ಟಿಗೆಯೊಳಗೆ, ಬೆಲೆ ಬರೆದ ಚೀಟಿಯ ಸಮೇತ, ಹೊಚ್ಚ ಹೊಸದಾಗಿ ಇರುತ್ತಾನೆ. ಜೀಟರ್ ಸಾಮಾನ್ಯರ ರಾಶಿಯಲ್ಲಿ, ರಬ್ಬರ್ ಬ್ಯಾಂಡಿನ ಗೀರು ಅಂಚಿಗೆ ಬಿದ್ದು, ಒಂದು ಮೂಲೆ ಮಡಿಸಿಕೊಂಡು.